ಮನ್ನಾರ್ ಕೊಲ್ಲಿಯಲ್ಲಿ 275 ಸ್ಪಂಜು, ಲಕ್ಷದ್ವೀಪದಲ್ಲಿ ನೂರರೊಳಗೆ: ಅಂತರ ಕಡಲಿನದೋ, ಎಣಿಕೆಯದೋ?

ಅಲೆಗೆರೆ

ಸ್ಪಂಜು ತಜ್ಞ ಪಿ. ಎ. ಥಾಮಸ್ ಅವರ 1985ರ ಪಟ್ಟಿಯ ಪ್ರಕಾರ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ ಸೇರಿ 275 ಪ್ರಭೇದದ ಸ್ಪಂಜುಗಳಿವೆ (ಕಡಲತಳಕ್ಕೆ ಅಂಟಿ ಬದುಕುವ, ಮೈಯೆಲ್ಲ ರಂಧ್ರವಿರುವ ಸರಳ ಪ್ರಾಣಿಗಳು). ಅವರೇ ಮಾಡಿದ ಲಕ್ಷದ್ವೀಪದ ಪಟ್ಟಿ ನೂರು ದಾಟುವುದಿಲ್ಲ. ಒಂದು ಕಡೆ ದಡಕ್ಕೆ ಅಂಟಿಕೊಂಡ, ಹೂಳು ತುಂಬಿದ ನೀರಿನ ಹವಳ ದಿಬ್ಬಗಳು (ರೀಫ್). ಇನ್ನೊಂದು ಕಡೆ ತಿಳಿನೀರಿನ ಹವಳ ದ್ವೀಪಗಳು. ಹವಳದ ಆರೋಗ್ಯಕ್ಕೆ ತಿಳಿನೀರು ಒಳ್ಳೆಯದು ಅಂತ ಓದಿದ್ದೇವೆ, ಸ್ಪಂಜಿನ ಲೆಕ್ಕ ನೋಡಿದರೆ ತಿರುಗುಮುರುಗು.

ಮೂರು ಪ್ರಶ್ನೆ:
1. ಹೂಳುನೀರಿನ ದಿಬ್ಬಗಳಲ್ಲಿ ಸ್ಪಂಜು ವೈವಿಧ್ಯ ಹೆಚ್ಚು ಎಂದು ಈ ಎರಡು ಸಂಖ್ಯೆಗಳಿಂದ ಹೇಳಬಹುದೇ?
2. ಎರಡೂ ಕಡೆ 20 ಮೀಟರ್ ಟ್ರಾನ್ಸೆಕ್ಟ್ (ಎಣಿಕೆಗೆ ಎಳೆಯುವ ನೇರ ಗೆರೆ) ಹಾಕಿ ಫೋಟೊ ತೆಗೆದು ಹೋಲಿಸುವ ಯೋಜನೆ ಇದೆ. ಸಾಕಾಗುತ್ತದೆಯೇ?
3. ಗುರುತಿಸುವುದಕ್ಕೆ ಸೂಕ್ಷ್ಮದರ್ಶಕದ ಸ್ಲೈಡ್ ಮಾಡಲೇಬೇಕೇ?

ಸೂಜಿಮೊನೆ

ಮೊದಲನೆಯ ಪ್ರಶ್ನೆಗೆ ನೇರ ಉತ್ತರ: ಹೇಳಲಾಗದು. ಆ 275 ಎಲ್ಲಿಂದ ಬಂತು ನೋಡಿ. ಮನ್ನಾರ್ ಕೊಲ್ಲಿ ಮುತ್ತಿನ ಚಿಪ್ಪಿನ ಕಡಲು. ಪ್ರಾಣಿಶಾಸ್ತ್ರಜ್ಞ ಹೆರ್ಡ್‌ಮನ್ 1902ರಲ್ಲಿ ಸಿಲೋನ್ (ಶ್ರೀಲಂಕಾ) ಕಡೆಯ ಮುತ್ತಿನ ಹಾಸುಗಳಿಂದ ಕೂಡಿಸಿ ತಂದ ಸ್ಪಂಜುಗಳನ್ನು ಆರ್ಥರ್ ಡೆಂಡಿ 1905ರಲ್ಲಿ ವಿವರಿಸಿದ. ಮುತ್ತಿನ ಚಿಪ್ಪನ್ನೇ ಕೊರೆಯುವ ಸ್ಪಂಜಿಗೆ ಕ್ಲಿಯೋನಾ ಮಾರ್ಗರಿಟಿಫೆರೆ ಎಂದು ಹೆಸರಿಟ್ಟಿದ್ದೂ ಅವನೇ. ಆಮೇಲೆ ರಾಮೇಶ್ವರದ ಬಳಿಯ ಮಂಡಪಂನಲ್ಲಿ ಕೂತು ಥಾಮಸ್ ಅವರು ದಶಕಗಟ್ಟಲೆ ಕೆಲಸ ಮಾಡಿದರು: ದಡಕ್ಕೆ ಎಸೆಯಲ್ಪಟ್ಟವು, ಬಲೆಗೆ ಸಿಕ್ಕವು, ಶಂಖ ಮತ್ತು ಚಿಪ್ಪಿನ ಒಳಗೆ ಕೊರೆದು ಕೂತವು, ಮುತ್ತಿನ ಹಾಸಿನವು, ಹವಳದ ಮೇಲಿನವು, ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಅದು ಒಂದು ಕಡಲ ಪಟ್ಟಿ, ಹವಳ ದಿಬ್ಬದ ಪಟ್ಟಿ ಅಲ್ಲ. ಲಕ್ಷದ್ವೀಪದ್ದು ಹೆಚ್ಚಾಗಿ ಲಗೂನ್ (ದಿಬ್ಬದೊಳಗಿನ ಕಡಲಕೊಳ) ಮತ್ತು ದಿಬ್ಬದ ಆಳವಿಲ್ಲದ ಜಾಗಗಳದ್ದು. ಎರಡಕ್ಕೂ ಹಾಕಿದ ಶ್ರಮವೂ ಒಂದೇ ಅಲ್ಲ, ಜಾಗವೂ ಒಂದೇ ಬಗೆಯದಲ್ಲ.

ಎರಡನೆಯ ತೊಡಕು ಹೆಸರುಗಳದ್ದು. ಹಳೆಯ ಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ, ಒಂದೊಂದೇ ಹೆಸರನ್ನು ವಿಶ್ವ ಪೊರಿಫೆರಾ ದತ್ತಕೋಶದಲ್ಲಿ (ಸ್ಪಂಜು ಹೆಸರುಗಳ ಜಾಗತಿಕ ಆನ್‌ಲೈನ್ ಪಟ್ಟಿ) ಹಾಕಿ ನೋಡಿ. ಡಿಸಿಡಿಯಾ ಹರ್ಬೇಸಿಯಾ ಈಗ ಲ್ಯಾಮೆಲ್ಲೋಡಿಸಿಡಿಯಾ ಹರ್ಬೇಸಿಯಾ. ಕ್ಲಿಯೋನಾ ವಾಸ್ಟಿಫಿಕಾ ಈಗ ಪಿಯೋನೆ ವಾಸ್ಟಿಫಿಕಾ. ಒಂದೇ ಸ್ಪಂಜು ಎರಡು ಹೆಸರಲ್ಲಿ ಎರಡು ಪಟ್ಟಿಯಲ್ಲಿ ಕೂತಿದ್ದರೆ ನಿಮ್ಮ ಲೆಕ್ಕದಲ್ಲಿ ಎರಡು ದಿಬ್ಬಗಳು ಬೇರೆಬೇರೆಯಾಗಿ ಕಾಣುತ್ತವೆ. ತಿರುಗುಮುರುಗಾಗಿಯೂ ಆಗುತ್ತದೆ: ಯೂರೋಪಿನ ಹೆಸರನ್ನು ಇಲ್ಲಿಯ ಸ್ಪಂಜಿಗೆ ಅಂಟಿಸಿದ್ದು ಬೇಕಾದಷ್ಟಿದೆ. ಕ್ಲಿಯೋನಾ ಸೆಲಾಟಾ ಎಂಬುದನ್ನು ಗ್ರಾಂಟ್ 1826ರಲ್ಲಿ ಸ್ಕಾಟ್ಲೆಂಡ್ ತೀರದಿಂದ ವಿವರಿಸಿದ್ದು. ಭಾರತದ ಪಟ್ಟಿಯಲ್ಲಿ ಆ ಹೆಸರು ಕಂಡರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ. ಅದರಡಿ ಎರಡು ಮೂರು ಪ್ರಭೇದ ಅಡಗಿರಬಹುದು.

ಲಗೂನ್‌ದಡ

ಸೂಜಿಮೊನೆಯವರ ಮಾತಿಗೆ ನನ್ನ ಸಹಮತ. ಆದರೆ ಎಲ್ಲವೂ ಎಣಿಕೆಯ ಭ್ರಮೆ ಎಂದು ಬಿಡುವುದೂ ಸರಿಯಲ್ಲ. ದಡದಿಂದ ದೂರ ಹೋದಂತೆ ಸ್ಪಂಜು ಸಮುದಾಯ ಬದಲಾಗುವುದು ನಿಜವಾದ ಸಂಗತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಕ್ಲೈವ್ ವಿಲ್ಕಿನ್ಸನ್ ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ದಡದ ಹತ್ತಿರ ನೀರನ್ನು ಸೋಸಿ ಬದುಕುವ ಸ್ಪಂಜುಗಳ ಪಾರುಪತ್ಯ. ಹೊರಗಿನ ತಿಳಿನೀರಿನಲ್ಲಿ ಸಯನೋಬ್ಯಾಕ್ಟೀರಿಯಾವನ್ನು ಮೈಯಲ್ಲಿಟ್ಟುಕೊಂಡು ಬೆಳಕಿನಿಂದ ಆಹಾರ ಪಡೆಯುವ, ಚಪ್ಪಟೆ ಎಲೆಯಂಥ ಸ್ಪಂಜುಗಳು. 1983ರಲ್ಲಿ ಅವರು ತೋರಿಸಿದ್ದು: ಅಲ್ಲಿಯ ಡೇವಿಸ್ ದಿಬ್ಬದ ಹೊರ ಇಳಿಜಾರಿನ ಹತ್ತು ಸಾಮಾನ್ಯ ಸ್ಪಂಜುಗಳಲ್ಲಿ ಆರು, ತಾವು ಬಳಸುವುದಕ್ಕಿಂತ ಹೆಚ್ಚು ಆಮ್ಲಜನಕವನ್ನು ಉತ್ಪಾದಿಸುತ್ತಿದ್ದವು. ಇದೇ ಅಳತೆಗೋಲನ್ನು ಕೆರಿಬಿಯನ್‌ಗೆ ಒಯ್ದರೆ ಕಥೆಯೇ ಬೇರೆ. ಅಲ್ಲಿ ಸ್ಪಂಜಿನ ಒಟ್ಟು ತೂಕ ಆಸ್ಟ್ರೇಲಿಯಾದ ದಿಬ್ಬಗಳಿಗಿಂತ ಐದಾರು ಪಟ್ಟು ಹೆಚ್ಚು, ಆದರೆ ಬೆಳಕನ್ನೇ ನಂಬಿದ ಚಪ್ಪಟೆ ಸ್ಪಂಜುಗಳು ಇಲ್ಲವೆನ್ನುವಷ್ಟು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ. ತೂಕ, ಹರವು (ಮುಚ್ಚಿದ ಜಾಗ), ಪ್ರಭೇದ ಸಂಖ್ಯೆ ಮೂರೂ ಬೇರೆ ಬೇರೆ. ಕೆರಿಬಿಯನ್ ಕಡೆಯ ಬೆಲೀಜಿನ ಕೆಲವು ದಿಬ್ಬಗಳಲ್ಲಿ 1998ರಲ್ಲಿ ಕಡಲ ನೀರು ಬಿಸಿಯೇರಿ ಹವಳ ಸತ್ತ ಮೇಲೆ ಕಾಂಡ್ರಿಲ್ಲಾ ಎಂಬ ಒಂದೇ ಬಗೆಯ ಸ್ಪಂಜು ನೆಲ ಹಿಡಿಯಿತು. ಸ್ಪಂಜಿನ ಹರವು ಏರಿತು ಎಂದು ಗ್ರಾಫ್ ಹೇಳುತ್ತದೆ, ಅದು ವೈವಿಧ್ಯ ಏರಿದ್ದಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಬಯಲಿನ ಮೇಲೆ ಟ್ರಾನ್ಸೆಕ್ಟ್ ಹಾಕಿ ಮೇಲಿನಿಂದ ಫೋಟೊ ತೆಗೆದರೆ ಸ್ಪಂಜುಗಳ ಬಹುಪಾಲು ತಪ್ಪಿಹೋಗುತ್ತದೆ, ಅದರಲ್ಲೂ ಲಕ್ಷದ್ವೀಪದಂಥ ಕಡೆ. ಪ್ರಖರ ಬಿಸಿಲು, ಪಾಚಿಯ ಪೈಪೋಟಿ, ಕಚ್ಚಿ ತಿನ್ನುವ ಮೀನುಗಳಿಂದ ಬಚಾವಾಗಲು ಅವು ಹವಳದ ಅಡಿಭಾಗ, ಸಂದು, ಗುಹೆ, ಸತ್ತ ಹವಳದ ತುಂಡುಗಳ ಕೆಳಮೈ ಹಿಡಿದಿರುತ್ತವೆ. ಕೆಂಪು ಸಮುದ್ರದಲ್ಲಿ ಸಂದುಗಳೊಳಗೆ ಕ್ಯಾಮೆರಾ ತೂರಿಸಿ ಅಳೆದವರು 2001ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ದಿಬ್ಬದ ಪ್ರತಿ ಚದರ ಮೀಟರಿಗೆ ಒಳಗಿನ ಸಂದುಗಳ ಮೇಲ್ಮೈ 2.5ರಿಂದ 7.4 ಚದರ ಮೀಟರ್. ಅಂದರೆ ಹೊರಗೆ ಕಾಣುವುದಕ್ಕಿಂತ ಒಳಗಿನದೇ ಹೆಚ್ಚು, ಮತ್ತು ಅಲ್ಲಿ ಮುಖ್ಯವಾಗಿ ಇರುವುದು ಸ್ಪಂಜುಗಳು. ಮನ್ನಾರ್‌ನ ಮಬ್ಬು ನೀರಿನಲ್ಲಿ ಅದೇ ನೆರಳುಪ್ರಿಯ ಸ್ಪಂಜುಗಳು ಬಯಲಿಗೇ ಬಂದಿರಬಹುದು. ಆಗ ನಿಮ್ಮ ಫೋಟೊಗಳು ಮನ್ನಾರ್‌ಗೆ ಹೆಚ್ಚು ಅಂಕ ಕೊಟ್ಟುಬಿಡುತ್ತವೆ.

ತದಡಿತೀರ

> ಮನ್ನಾರ್‌ನ ಮಬ್ಬು ನೀರಿನಲ್ಲಿ ಅದೇ ನೆರಳುಪ್ರಿಯ ಸ್ಪಂಜುಗಳು ಬಯಲಿಗೇ ಬಂದಿರಬಹುದು

ಇದಕ್ಕೆ ನನ್ನ ತಕರಾರು. ಸ್ಪಂಜು ದಿನಕ್ಕೆ ತನ್ನ ಗಾತ್ರದ ಸಾವಿರಾರು ಪಟ್ಟು ನೀರನ್ನು ಮೈಮೂಲಕ ಹಾಯಿಸುತ್ತದೆ. ಹೂಳು ಬಂದರೆ ರಂಧ್ರ ಕಟ್ಟುತ್ತದೆ, ಉಸಿರು ನಿಲ್ಲುತ್ತದೆ. ಹಾಗಿದ್ದ ಮೇಲೆ ಹೂಳುನೀರು ಹೇಗೆ ಒಳ್ಳೆಯದಾಗುತ್ತದೆ? ಕಛ್ ಕೊಲ್ಲಿ ಇನ್ನೂ ಹೆಚ್ಚು ಕೆಸರು, ಅಲ್ಲಿಯ ಸ್ಪಂಜು ಪಟ್ಟಿ ಮನ್ನಾರ್‌ನದರ ಮುಂದೆ ಏನೂ ಅಲ್ಲ.

ಲಗೂನ್‌ದಡ

ಒಳ್ಳೆಯ ತಕರಾರು. "ಹೂಳು" ಎಂದು ಎರಡನ್ನು ಒಟ್ಟಿಗೆ ಕಲಸಬಾರದು. ನೀರಲ್ಲಿ ತೇಲುವ ಮಬ್ಬು ಬೇರೆ, ಮೈಮೇಲೆ ಕೂತು ಪದರ ಕಟ್ಟುವ ಹೂಳು ಬೇರೆ. ತೇಲುವ ಮಬ್ಬು ಬೆಳಕು ತಗ್ಗಿಸುತ್ತದೆ, ಜೊತೆಗೆ ಬ್ಯಾಕ್ಟೀರಿಯಾ ಮತ್ತು ಅತಿ ಸಣ್ಣ ಪ್ಲಾಂಕ್ಟನ್ ಹೆಚ್ಚಿದ್ದರೆ ಸೋಸಿ ತಿನ್ನುವವಕ್ಕೆ ಊಟ. ಕೂತ ಹೂಳು ಎಲ್ಲ ಸ್ಪಂಜಿಗೂ ಹೊರೆ. ಯಾವುದು ಗೆಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಸೆಳೆತ ಮತ್ತು ಮೇಲ್ಮೈಯ ಓರೆ.

ಆಸ್ಟ್ರೇಲಿಯಾದ ಡಾರ್ವಿನ್ ಬಂದರು ನೋಡಿ. ಭರತ ಇಳಿತದ ಅಂತರ 8 ಮೀಟರ್ ವರೆಗೆ, ನೀರು ಸದಾ ಕೆಸರು. ಆದರೂ ಅಲ್ಲಿ ಸ್ಪಂಜಿನ ಸಮೃದ್ಧ ತಾಣಗಳಿವೆ, ಏಕೆಂದರೆ ಸೆಳೆತ ಹೂಳನ್ನು ಕೂರಗೊಡುವುದಿಲ್ಲ. ಕಛ್‌ನಲ್ಲೂ ಸೆಳೆತ ಜೋರೇ. ಅಲ್ಲಿಯ ಪಟ್ಟಿ ಚಿಕ್ಕದಿರುವುದಕ್ಕೆ ಕೆಸರನ್ನು ದೂರುವ ಮೊದಲು ಅಲ್ಲಿ ಮುಳುಗಿ ಹುಡುಕಿದವರು ಎಷ್ಟು ಕಡಿಮೆ ಎಂಬುದನ್ನು ಕೇಳಬೇಕು. ಇಳಿತದಲ್ಲಿ ನಡೆದು ಕೂಡಿಸಿದ ಪಟ್ಟಿ ಇಳಿತದ ಬಯಲನ್ನಷ್ಟೇ ಹೇಳುತ್ತದೆ.

ಆಕಾರವೂ ಸುಳಿವು ಕೊಡುತ್ತದೆ. ಹೂಳು ಕೂರುವ ಕಡೆ ನೆಟ್ಟಗೆ ನಿಂತ ಕೊಂಬೆ, ಬೀಸಣಿಗೆ, ಬೆರಳಿನಾಕಾರದವು ಉಳಿಯುತ್ತವೆ. ಓಷನಾಪಿಯಾ ತರಹದವು ಮೈಯನ್ನು ಮರಳಲ್ಲಿ ಹೂತು ಕೊಳವೆಗಳನ್ನು ಮಾತ್ರ ಮೇಲೆ ಚಾಚುತ್ತವೆ. ಕೊರೆಯುವ ಕ್ಲಿಯೋನಾಗಳು ಸುಣ್ಣದೊಳಗೆ ಕೂತು ಸಣ್ಣ ಉಬ್ಬುಗಳನ್ನಷ್ಟೇ ಹೊರಗಿಡುತ್ತವೆ. ಮೊದಲು ಕಾಣೆಯಾಗುವವು ಬೆಳಕು ನಂಬಿದ ಅಗಲ ಎಲೆಯವು. ಕಾರ್ಟೀರಿಯೋಸ್ಪಾಂಜಿಯಾ ಬೆಳಕು ಕಡಿಮೆಯಾದರೂ ಸೊರಗುತ್ತದೆ, ಮೇಲೆ ಹೂಳು ಕೂತರೂ ಸೊರಗುತ್ತದೆ. ಹಾಗಾಗಿ ಪ್ರಭೇದದ ಹೆಸರಿನ ಪಕ್ಕದಲ್ಲಿ ಆಕಾರದ ಕಾಲಮ್ ಒಂದಿರಲಿ. ಹೆಸರು ಗೊತ್ತಾಗದ ಸ್ಪಂಜಿಗೂ ಆಕಾರ ಬರೆಯಬಹುದು, ಮತ್ತು ಪರಿಸರದ ಪರಿಣಾಮ ಅನೇಕ ಸಲ ಆಕಾರದ ಅಂಕಣದಲ್ಲೇ ಮೊದಲು ಕಾಣುತ್ತದೆ.

ಮಬ್ಬು ಪೂರ್ತಿ ವರವೂ ಅಲ್ಲ. ಫ್ಲೋರಿಡಾ ಕೊಲ್ಲಿಯಲ್ಲಿ 1990ರ ದಶಕದ ಆರಂಭದಲ್ಲಿ ಸಯನೋಬ್ಯಾಕ್ಟೀರಿಯಾ ವಿಪರೀತ ಬೆಳೆದಾಗ ದೊಡ್ಡ ದೊಡ್ಡ ಸ್ಪಂಜುಗಳು ಸಾಮೂಹಿಕವಾಗಿ ಸತ್ತವು. ಅವುಗಳಡಿ ಆಸರೆ ಪಡೆಯುತ್ತಿದ್ದ ಮರಿ ಕಡಲೇಡಿಗಳೂ ನೆಲೆ ಕಳೆದುಕೊಂಡವು. ಆಹಾರ ಹೆಚ್ಚಿದ ಮಾತ್ರಕ್ಕೆ ಹೆಚ್ಚಿದಷ್ಟೂ ಒಳ್ಳೆಯದಲ್ಲ.

ಎಣಿಕೆಮನೆ

ಈಗ ಸರ್ವೆಯ ವಿನ್ಯಾಸ. ಅಲೆಗೆರೆಯವರೇ, ನಿಮ್ಮ ಯೋಜನೆಯ ದೊಡ್ಡ ತೂತು ಆಳ. ಮನ್ನಾರ್ ದ್ವೀಪಗಳ ಸುತ್ತಲಿನ ಹವಳ ಬಹುತೇಕ ಮೂರು ನಾಲ್ಕು ಮೀಟರ್ ಒಳಗೇ ಮುಗಿಯುತ್ತದೆ. ಲಕ್ಷದ್ವೀಪದ ಹೊರ ಇಳಿಜಾರು ನೇರ ಆಳಕ್ಕೆ ಇಳಿಯುತ್ತದೆ. ಅಲ್ಲಿ 15 ಮೀಟರಿನಲ್ಲಿ ಎಣಿಸಿ ಇಲ್ಲಿ 2 ಮೀಟರಿನಲ್ಲಿ ಎಣಿಸಿದರೆ ನೀವು ಹೋಲಿಸುವುದು ಆಳವನ್ನು, ಪ್ರದೇಶವನ್ನಲ್ಲ. ಹೋಲಿಕೆಗೆ 2ರಿಂದ 4 ಮೀಟರ್ ಪಟ್ಟಿ ಮಾತ್ರ ಇಟ್ಟುಕೊಳ್ಳಿ. ಲಕ್ಷದ್ವೀಪದ ಆಳದ ಡೇಟಾ ಬೇಕಿದ್ದರೆ ಪ್ರತ್ಯೇಕ ವಿಭಾಗ ಮಾಡಿ.

ನನ್ನ ಸಲಹೆ: ಒಂದೊಂದು ಪ್ರದೇಶದಲ್ಲಿ 3 ದ್ವೀಪ, ದ್ವೀಪಕ್ಕೆ 2 ತಾಣ, ತಾಣದಲ್ಲಿ ಬಯಲು ಮತ್ತು ನೆರಳು ಎಂದು 2 ನೆಲೆ, ನೆಲೆಗೆ 10 ಕ್ವಾಡ್ರಾಟ್ (ಎಣಿಸಲು ಇಡುವ ಚೌಕಟ್ಟು). ಕ್ವಾಡ್ರಾಟ್ 50×50 ಸೆಂ.ಮೀ. ಪ್ರದೇಶಕ್ಕೆ 120 ಕ್ವಾಡ್ರಾಟ್, 30 ಚದರ ಮೀಟರ್. ಒಂದು ದ್ವೀಪದ ಗಾಳಿ ಬಡಿಯುವ ಮಗ್ಗುಲು, ಮರೆಯ ಮಗ್ಗುಲು ಎಂದು ಎರಡು ತಾಣ ಹಂಚಿ. ಲಕ್ಷದ್ವೀಪದಲ್ಲಿ ಲಗೂನ್ ಸಾಮಾನ್ಯವಾಗಿ ಪಶ್ಚಿಮಕ್ಕೆ, ದ್ವೀಪ ಪೂರ್ವದ ಅಂಚಿಗೆ. ಹಾಗಾಗಿ ಲಗೂನ್ ಒಳಗೊಂದು, ಹೊರಗೊಂದು ತಾಣ ತೆಗೆದುಕೊಂಡರೆ ಅದು ಮನ್ನಾರ್‌ನ ಎರಡು ಮಗ್ಗುಲಿಗೆ ಸಮವಲ್ಲ. ಎರಡೂ ಕಡೆ ಹೊರದಿಬ್ಬದ್ದೇ ಇರಲಿ.

ಒಂದೇ ತಾಣದ 10 ಕ್ವಾಡ್ರಾಟ್ ಹತ್ತು ಸ್ವತಂತ್ರ ಸಾಕ್ಷಿಗಳಲ್ಲ. ಪ್ರದೇಶದ ಮಟ್ಟದಲ್ಲಿ ನಿಮ್ಮ ನಿಜವಾದ ಮಾದರಿ ಸಂಖ್ಯೆ ದ್ವೀಪಗಳದ್ದು, ಅಂದರೆ 3 ಮತ್ತು 3. ಪರ್ಮನೋವಾ (ಸಮುದಾಯಗಳ ವ್ಯತ್ಯಾಸ ಪರೀಕ್ಷಿಸುವ ಸಂಖ್ಯಾಶಾಸ್ತ್ರದ ವಿಧಾನ) ಮಾಡುವಾಗ ದ್ವೀಪವನ್ನು ಪ್ರದೇಶದೊಳಗೆ, ತಾಣವನ್ನು ದ್ವೀಪದೊಳಗೆ ಅಡಕಮಾಡಿ ಕೊಡದಿದ್ದರೆ ಎಲ್ಲವೂ ಗಮನಾರ್ಹ ಎಂದು ಬರುತ್ತದೆ, ಪರಿಶೀಲಕರು ಅಲ್ಲೇ ನಿಲ್ಲಿಸುತ್ತಾರೆ. ಮೂರು ದ್ವೀಪ ಕನಿಷ್ಠ, ನಾಲ್ಕಾದರೆ ಒಳ್ಳೆಯದು. ಕ್ವಾಡ್ರಾಟ್ ಕಡಿಮೆ ಮಾಡಿ ದ್ವೀಪ ಹೆಚ್ಚಿಸಿ, ಇದರಲ್ಲಿ ಎರಡು ಮಾತಿಲ್ಲ.

ಕಾಲವೂ ಒಂದೇ ಇರಲಿ. ಅಕ್ಟೋಬರ್‌ನಿಂದ ಡಿಸೆಂಬರ್ ಈಶಾನ್ಯ ಮಳೆ ಮನ್ನಾರ್ ಪಾಕ್ ಕಡೆ ನೀರು ಕಲಕುತ್ತದೆ, ಮೇ ಬಳಿಕ ನೈಋತ್ಯದ ಗಾಳಿ. ಎರಡೂ ಕಡೆ ಕೆಲಸ ನಡೆಯುವುದು ಫೆಬ್ರವರಿಯಿಂದ ಏಪ್ರಿಲ್ ಮೊದಲವರೆಗೆ.

ಅಲೆಗೆರೆ

ಎಣಿಕೆಮನೆಯವರೇ, ಒಂದು ಸಂದೇಹ. ಹರಡಿಕೊಂಡ ತೊಗಲಿನಂಥ ಸ್ಪಂಜು ಒಂದೇ ಕ್ವಾಡ್ರಾಟ್‌ನಲ್ಲಿ ಹತ್ತು ಚೂರಾಗಿ ಕಂಡರೆ ಎಷ್ಟು ಎಂದು ಬರೆಯಬೇಕು? ಸಂಖ್ಯೆ ಆಧರಿಸಿ ರೇರಿಫ್ಯಾಕ್ಷನ್ (ಮಾದರಿಯನ್ನು ಸಮಕ್ಕೆ ತಂದು ಪ್ರಭೇದ ಹೋಲಿಸುವ ಲೆಕ್ಕ) ಮಾಡುವಾಗ ಇದೇ ಗಂಟಲಿಗೆ ಸಿಕ್ಕುತ್ತಿದೆ.

ಎಣಿಕೆಮನೆ

ಸಂಖ್ಯೆ ಎಣಿಸಬೇಡಿ. ಸ್ಪಂಜಿನಲ್ಲಿ "ಒಂದು" ಎಂಬುದೇ ಅಸ್ಪಷ್ಟ: ಒಡೆದ ಒಂದು ಜೀವಿ ಹತ್ತಾಗುತ್ತದೆ, ಎರಡು ಸೇರಿ ಒಂದಾದಂತೆ ಕಾಣುತ್ತವೆ. ಪ್ರತಿ ಕ್ವಾಡ್ರಾಟ್‌ನಲ್ಲಿ ಪ್ರಭೇದ ಇದೆ/ಇಲ್ಲ ಎಂದು ಬರೆಯಿರಿ, ಪಕ್ಕದಲ್ಲಿ ಹರವನ್ನು ಚದರ ಸೆಂ.ಮೀ.ನಲ್ಲಿ. ರೇರಿಫ್ಯಾಕ್ಷನ್ ಇದೆ/ಇಲ್ಲ ಡೇಟಾದ ಮೇಲೆ, ಕ್ವಾಡ್ರಾಟ್ ಏಕಮಾನವಾಗಿ. ಹರವು ಬ್ರೇ-ಕರ್ಟಿಸ್ ಎಂಬ ವ್ಯತ್ಯಾಸ ಸೂಚ್ಯಂಕಕ್ಕೆ.

ಚಾವೊ-2 (ಕಣ್ಣಿಗೆ ಬೀಳದ ಪ್ರಭೇದಗಳನ್ನೂ ಸೇರಿಸಿ ಅಂದಾಜಿಸುವ ಸೂತ್ರ) ಹಾಕುವ ಬಗೆ ಒಂದು ಕಾಲ್ಪನಿಕ ಉದಾಹರಣೆಯಿಂದ ಹೇಳುತ್ತೇನೆ. 40 ಕ್ವಾಡ್ರಾಟ್‌ನಲ್ಲಿ 'ಅ' ದಿಬ್ಬದಲ್ಲಿ 62 ಪ್ರಭೇದ ಸಿಕ್ಕಿದವು ಎನ್ನಿ. ಅದರಲ್ಲಿ 24 ಒಂದೇ ಕ್ವಾಡ್ರಾಟ್‌ನಲ್ಲಿ ಮಾತ್ರ, 9 ಸರಿಯಾಗಿ ಎರಡರಲ್ಲಿ. 24ರ ವರ್ಗ 576. ಅದನ್ನು 2×9 ಅಂದರೆ 18ರಿಂದ ಭಾಗಿಸಿ 32. ಅದಕ್ಕೆ 39/40 ಗುಣಿಸಿ 31.2. ಅದನ್ನು 62ಕ್ಕೆ ಕೂಡಿಸಿದರೆ ಒಟ್ಟು ಅಂದಾಜು 93. 'ಬ' ದಿಬ್ಬದಲ್ಲಿ 55 ಪ್ರಭೇದ, ಒಂದರಲ್ಲಿ ಮಾತ್ರ ಸಿಕ್ಕಿದ್ದು 6, ಎರಡರಲ್ಲಿ 8. ಲೆಕ್ಕ ಮಾಡಿದರೆ 57. ಮೇಲ್ನೋಟಕ್ಕೆ 62 ಮತ್ತು 55, ಅಂತರ ಪುಟ್ಟದು. ಒಳಗೆ ನೋಡಿದರೆ 'ಬ' ಹೆಚ್ಚೂಕಡಿಮೆ ಪೂರ್ತಿ ಎಣಿಕೆಯಾಗಿದೆ, 'ಅ' ಇನ್ನೂ ಅರ್ಧ ದಾರಿಯಲ್ಲಿದೆ.

ಸ್ಪಂಜಿನಲ್ಲಿ 'ಅ' ಮಾದರಿಯೇ ಹೆಚ್ಚು, ಅಪರೂಪದ ಪ್ರಭೇದಗಳ ಬಾಲ ಉದ್ದ. ಹಾಗಾಗಿ ಚಾವೊ ಕೊಡುವುದು ಕನಿಷ್ಠ ಅಂದಾಜು ಎಂದು ಓದಿ. ಕಡಿಮೆ ಮಾದರಿಯಲ್ಲಿ ಅದೂ ಕೆಳಗೇ ಉಳಿಯುತ್ತದೆ. ಎರಡೂ ಪ್ರದೇಶಗಳ ವಕ್ರರೇಖೆಯನ್ನು ಒಂದೇ ಕ್ವಾಡ್ರಾಟ್ ಸಂಖ್ಯೆಯಲ್ಲಿ, ಸಾಧ್ಯವಾದರೆ ಒಂದೇ ಪೂರ್ಣತೆಯ ಮಟ್ಟದಲ್ಲಿ ಹೋಲಿಸಿ. ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದಲ್ಲಿ ಐನೆಕ್ಸ್ಟ್ ಪ್ಯಾಕೇಜ್ ಇದಕ್ಕೇ ಇರುವುದು. ಹಿಲ್ ಸಂಖ್ಯೆಗಳೆಂಬ ವೈವಿಧ್ಯ ಅಳತೆಗಳಲ್ಲಿ 0, 1, 2 ಮೂರನ್ನೂ ಕೊಡಿ: 0 ಬರೀ ಪ್ರಭೇದ ಸಂಖ್ಯೆ, ಮೇಲೆ ಹೋದಂತೆ ಹೆಚ್ಚಿರುವ ಪ್ರಭೇದಕ್ಕೆ ತೂಕ ಜಾಸ್ತಿ. ಬೆಲೀಜಿನಂಥ ಒಂದೇ ಸ್ಪಂಜಿನ ದರ್ಬಾರು ಇದ್ದರೆ 0ರಲ್ಲಿ ಗೊತ್ತಾಗದು, 2ರಲ್ಲಿ ಬಯಲಾಗುತ್ತದೆ.

ಎರಡು ದಿಬ್ಬಗಳ ನಡುವಿನ ವ್ಯತ್ಯಾಸ ತೆಗೆಯುವಾಗ ಜಕಾರ್ಡ್ (ಎರಡಕ್ಕೂ ಸಾಮಾನ್ಯವಾದ ಪ್ರಭೇದಗಳ ಪಾಲು) ಒಂದನ್ನೇ ಕೊಟ್ಟು ಸುಮ್ಮನಾಗಬೇಡಿ. ಒಂದು ದಿಬ್ಬದ ಪ್ರಭೇದಗಳು ಇನ್ನೊಂದರ ಭಾಗವಷ್ಟೇ ಆಗಿವೆಯೋ, ಅಥವಾ ಒಂದರ ಜಾಗಕ್ಕೆ ಇನ್ನೊಂದು ಬಂದಿದೆಯೋ ಎಂದು ಬಿಡಿಸಿ. ಲಕ್ಷದ್ವೀಪದ್ದು ಮನ್ನಾರ್‌ನದರ ಒಂದು ಭಾಗ ಮಾತ್ರ ಎಂದು ಬಂದರೆ ಅದೊಂದು ಕಥೆ. ಬೇರೆಯೇ ಪ್ರಭೇದಗಳು ಎಂದರೆ "ಹೆಚ್ಚು ಕಡಿಮೆ" ಎಂಬ ಪ್ರಶ್ನೆಯೇ ಪಕ್ಕಕ್ಕೆ ಸರಿಯುತ್ತದೆ.

ಸೂಜಿಮೊನೆ

ಇನ್ನು ಮೂರನೆಯ ಪ್ರಶ್ನೆ. ಸ್ಲೈಡ್ ಮಾಡಲೇಬೇಕು. ಫೋಟೊ ನೋಡಿ ಹೆಸರಿಡಬಹುದಾದದ್ದು ಕೈಬೆರಳಲ್ಲಿ ಎಣಿಸುವಷ್ಟು: ಪೀಪಾಯಿ ಆಕಾರದ ಕ್ಸೆಸ್ಟೋಸ್ಪಾಂಜಿಯಾ ಟೆಸ್ಟುಡಿನೇರಿಯಾ ತರಹದವು. ಅದರಲ್ಲೂ ಈಗ ಡಿಎನ್ಎ ನೋಡಿದರೆ ಒಂದೇ ಹೆಸರಡಿ ಹಲವು ವಂಶಗಳು ಕಾಣುತ್ತಿವೆ. ಕೆಂಪು ತೊಗಲಿನಂಥ ಸ್ಪಂಜು ಎಂದರೆ ಅದು ನಾಲ್ಕು ಗಣದ್ದಾಗಿರಬಹುದು.

ನೀರಲ್ಲಿದ್ದಾಗಲೇ: ಅಳತೆಪಟ್ಟಿ ಇಟ್ಟು ಫೋಟೊ, ಒಂದು ದೂರದಿಂದ, ಒಂದು ಹತ್ತಿರದಿಂದ. ಬಣ್ಣ ಹೊರಗೆ, ಕತ್ತರಿಸಿದಾಗ ಒಳಗೆ. ನೀರು ಹೊರಬೀಳುವ ದೊಡ್ಡ ರಂಧ್ರ, ಅಂದರೆ ಆಸ್ಕುಲಂ, ಎಲ್ಲಿ ಹೇಗಿದೆ. ಹಿಚುಕಿದರೆ ಮೆತ್ತಗೋ ಪುಡಿಯಾಗುತ್ತದೋ ರಬ್ಬರಿನಂತೋ. ಲೋಳೆ ಬರುತ್ತದೆಯೇ. ಗಾಳಿಗೆ ಬಂದಾಗ ಬಣ್ಣ ಬದಲಾಗುತ್ತದೆಯೇ: ಹಳದಿ ಏಪ್ಲೈಸೈನಾ ಗುಂಪಿನವು ಗಾಳಿಗೆ ಒಡ್ಡಿದಾಗ ಕಪ್ಪುನೇರಳೆಯಾಗುತ್ತವೆ. ಎಥನಾಲ್‌ಗೆ ಹಾಕಿದ ಮೇಲೆ ಬಣ್ಣ ಹೋಗುತ್ತದೆ, ಆಮೇಲೆ ಬರೆಯುತ್ತೇನೆ ಎಂದರೆ ಬರೆಯಲು ಏನೂ ಇರುವುದಿಲ್ಲ.

ತುಂಡು ಒಂದೆರಡು ಘನ ಸೆಂ.ಮೀ. ಸಾಕು, ಬುಡವನ್ನು ಬಿಟ್ಟು ಮೇಲಿನಿಂದ ಕತ್ತರಿಸಿದರೆ ಉಳಿದದ್ದು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಮೇಲ್ಮೈಯೂ ಒಳಭಾಗವೂ ಎರಡೂ ತುಂಡಿನಲ್ಲಿರಬೇಕು. 96% ಎಥನಾಲ್, ಸ್ಪಂಜಿನ ಗಾತ್ರದ ಕನಿಷ್ಠ ಐದು ಪಟ್ಟು. ಸ್ಪಂಜಿನ ಮೈಯಲ್ಲೇ ಅಷ್ಟು ನೀರಿರುತ್ತದೆ, ಹಾಗಾಗಿ ಮರುದಿನ ಎಥನಾಲ್ ಚೆಲ್ಲಿ ಹೊಸದು ಹಾಕಿ. ಬದಲಿಸದಿದ್ದರೆ ತಿಂಗಳಲ್ಲಿ ಕೊಳೆತ ಸೊಪ್ಪಿನ ನೀರು ಉಳಿಯುತ್ತದೆ. ಫಾರ್ಮಲಿನ್ ಬೇಡ: ಡಿಎನ್ಎಗೂ ಕೇಡು, ಆಮ್ಲೀಯವಾಗಿದ್ದರೆ ಸುಣ್ಣದ ಸ್ಪಂಜಿನ ಸ್ಪಿಕ್ಯೂಲ್‌ಗಳನ್ನೇ (ಅಸ್ಥಿಪಂಜರದ ಸೂಕ್ಷ್ಮ ಸೂಜಿಗಳು) ಕರಗಿಸುತ್ತದೆ.

ಸ್ಪಿಕ್ಯೂಲ್ ಸ್ಲೈಡ್:

1. ಮೇಲ್ಮೈ ಮತ್ತು ಒಳಭಾಗದಿಂದ ಅಕ್ಕಿಕಾಳಷ್ಟು ಚೂರು ಬೇರೆ ಬೇರೆ ಟ್ಯೂಬಿಗೆ. ಎರಡರಲ್ಲಿ ಬೇರೆ ಸ್ಪಿಕ್ಯೂಲ್ ಇರಬಹುದು.
2. ಮನೆಬಳಕೆಯ ಬ್ಲೀಚ್ (ಸೋಡಿಯಂ ಹೈಪೋಕ್ಲೋರೈಟ್ 4-5%) ಮುಳುಗುವಷ್ಟು. ಅರ್ಧ ಗಂಟೆಯಿಂದ ಕೆಲವು ಗಂಟೆಗಳಲ್ಲಿ ಮಾಂಸಲ ಭಾಗ ಕರಗಿ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ದಿನಗಟ್ಟಲೆ ಬಿಡಬೇಡಿ, ಸೂಕ್ಷ್ಮವಾದವು ಸವೆಯಬಹುದು.
3. ಡಿಸ್ಟಿಲ್ಡ್ ನೀರಿನಿಂದ ನಾಲ್ಕೈದು ಸಲ ತೊಳೆಯಿರಿ, ಪ್ರತಿ ಸಲ ಕನಿಷ್ಠ 20 ನಿಮಿಷ ತಳಕ್ಕೆ ಕೂರಲು ಬಿಡಿ. ಇಲ್ಲಿ ಆತುರಪಟ್ಟರೆ 10-20 ಮೈಕ್ರಾನ್‌ನ ಸಣ್ಣ ಸ್ಪಿಕ್ಯೂಲ್‌ಗಳು ಮೇಲಿನ ನೀರಿನ ಜೊತೆ ಚರಂಡಿಗೆ ಹೋಗುತ್ತವೆ. ಗಣ ತಪ್ಪಾಗಿ ಬರುವ ಸಾಮಾನ್ಯ ಕಾರಣ ಇದೇ.
4. ಬ್ಲೀಚ್ ಪೂರ್ತಿ ಹೋದ ಮೇಲೆ ಮಾತ್ರ ಎಥನಾಲ್. ಬ್ಲೀಚ್ ಉಳಿದಿರುವಾಗ ಎಥನಾಲ್ ಹಾಕಿದರೆ ಕ್ಲೋರೋಫಾರ್ಮ್ ಹುಟ್ಟುತ್ತದೆ, ಆಮ್ಲ ಹಾಕಿದರೆ ಕ್ಲೋರಿನ್. ಕಿಟಕಿ ತೆರೆದ ಕೋಣೆ, ಕೈಗವಸು.
5. ಒಂದು ಹನಿ ಸ್ಲೈಡ್ ಮೇಲೆ, ಒಣಗಿದ ನಂತರ ಡಿಪಿಎಕ್ಸ್ (ಸ್ಲೈಡ್ ಕೂರಿಸುವ ಅಂಟು) ಮತ್ತು ಕವರ್‌ಸ್ಲಿಪ್.
6. ಪ್ರತಿ ಬಗೆಯ 25-30 ಸ್ಪಿಕ್ಯೂಲ್ ಅಳೆದು ಕನಿಷ್ಠ, ಸರಾಸರಿ, ಗರಿಷ್ಠ ಬರೆಯಿರಿ. ಮುರಿದವನ್ನು ಅಳೆಯಬೇಡಿ.

ಸ್ಪಿಕ್ಯೂಲ್ ಒಂದರಿಂದಲೇ ಹೆಸರು ಬರದು, ಅವು ಹೇಗೆ ಜೋಡಣೆಯಾಗಿವೆ ಎಂಬುದು ಬೇಕು. ಮೇಲ್ಮೈಗೆ ಲಂಬವಾಗಿ ಹೊಸ ಬ್ಲೇಡಿನಿಂದ ತೆಳು ಸೀಳು ತೆಗೆದು, ಎಥನಾಲ್‌ನಲ್ಲಿ ನೀರು ತೆಗೆದು, ಲವಂಗದೆಣ್ಣೆ ಅಥವಾ ಜೈಲೀನ್‌ನಲ್ಲಿ ಪಾರದರ್ಶಕ ಮಾಡಿ ಕೂರಿಸಿ. ಸೀಳು ದಪ್ಪವಾದರೆ ಬರೀ ಕಪ್ಪು ಕಾಣುತ್ತದೆ, ತೀರಾ ತೆಳುವಾದರೆ ಜೋಡಣೆ ಹರಿದುಹೋಗುತ್ತದೆ.

ಅಲೆಗೆರೆ

ಬ್ಲೀಚ್ ಹಾಕಿದ ಮೇಲೆ ತಳದಲ್ಲಿ ಏನೂ ಉಳಿಯದಿದ್ದರೆ? ಅಥವಾ ಬೇಕಾಬಿಟ್ಟಿ ಹತ್ತು ಬಗೆ ಕಂಡರೆ?

ಸೂಜಿಮೊನೆ

ಏನೂ ಉಳಿಯದಿದ್ದರೆ ಅದೇ ಉತ್ತರ. ಸ್ನಾನದ ಸ್ಪಂಜಿನ ಬಳಗ ಮತ್ತು ಏಪ್ಲೈಸೈನಾ ಬಳಗಕ್ಕೆ ಸ್ಪಿಕ್ಯೂಲ್ ಇಲ್ಲ, ಸ್ಪಂಜಿನ್ ನಾರಿನ ಅಸ್ಥಿಪಂಜರ ಮಾತ್ರ, ಅದನ್ನೂ ಬ್ಲೀಚ್ ತಿಂದುಹಾಕುತ್ತದೆ. ಇನ್ನೊಂದು ಚೂರು ತೆಗೆದು ಬ್ಲೀಚ್ ಮುಟ್ಟಿಸದೆ ಸೀಳು ಮಾಡಿ. ನಾರಿನೊಳಗೆ ತಿರುಳು ಇದೆಯೇ, ಮರಳು ತುಂಬಿದೆಯೇ, ನಾರು ಪದರ ಪದರವೇ, ಬಲೆಯಂತೋ ಕೊಂಬೆಯಂತೋ ನೋಡಿ. ಆಮ್ಲ ಹಾಕಿದಾಗ ಗುಳ್ಳೆ ಬಂದು ಎಲ್ಲ ಮಾಯವಾಯಿತೆಂದರೆ ಸುಣ್ಣದ ಸ್ಪಂಜು. ಅದಕ್ಕೆ ಬ್ಲೀಚ್ ಮಾತ್ರ, ಆಮ್ಲ ಬೇಡವೇ ಬೇಡ.

ಹತ್ತು ಬಗೆ ಕಂಡರೆ ಹೊರಗಿನ ಕಸ. ಸ್ಪಂಜುಗಳು ಮರಳನ್ನೂ ಬೇರೆ ಸ್ಪಂಜಿನ ಸ್ಪಿಕ್ಯೂಲ್‌ನ್ನೂ ಮೈಗೆ ಸೇರಿಸಿಕೊಳ್ಳುತ್ತವೆ. ಸೀಳಿನಲ್ಲಿ ಒಂದು ಕ್ರಮದಲ್ಲಿ, ಎಲ್ಲ ಕಡೆ ಕಾಣುವುದು ಸ್ವಂತದ್ದು. ಅಲ್ಲೊಂದು ಇಲ್ಲೊಂದು, ಮುರಿದು, ಓರೆಯಾಗಿ ಕಂಡದ್ದು ಹೊರಗಿನದು. ಒಂದೇ ಪಿಪೆಟ್ ಎಲ್ಲ ಟ್ಯೂಬಿಗೂ ಬಳಸಿದ್ದರೆ ಆ ಕಸ ನಿಮ್ಮದೇ ಪ್ರಯೋಗಾಲಯದ್ದು.

ಡಿಎನ್ಎ ಮಾಡಿಸುವುದಿದ್ದರೆ ಸಿಒಐ ಎಂಬ ಮೈಟೊಕಾಂಡ್ರಿಯದ ಜೀನ್ ಒಂದನ್ನೇ ನೆಚ್ಚಬೇಡಿ. ಸ್ಪಂಜಿನಲ್ಲಿ ಮೈಟೊಕಾಂಡ್ರಿಯದ ಜೀನ್ ನಿಧಾನ ಬದಲಾಗುತ್ತದೆ, ಅಕ್ಕಪಕ್ಕದ ಪ್ರಭೇದಗಳು ಬೇರ್ಪಡುವುದಿಲ್ಲ. 28ಎಸ್ ಎಂಬ ರೈಬೋಸೋಮಿನ ಜೀನ್ ಜೊತೆಗಿರಲಿ.

ಲಗೂನ್‌ದಡ

ನೆರಳಿನ ನೆಲೆಗೆ ಕ್ವಾಡ್ರಾಟ್ ಹಿಡಿಯುವುದು ಕಷ್ಟ, ಅದಕ್ಕೆ ಒಂದು ಮಾತು. ಸತ್ತ ಹವಳದ 15-25 ಸೆಂ.ಮೀ. ತುಂಡುಗಳನ್ನು ಏಕಮಾನ ಮಾಡಿಕೊಳ್ಳಿ, ತಾಣಕ್ಕೆ 10 ತುಂಡು. ತಟ್ಟೆಯಲ್ಲಿ ನೀರೊಳಗೇ ಇಟ್ಟು ಕೆಳಮೈ ಫೋಟೊ ತೆಗೆಯಿರಿ, ಅನುಮಾನದ್ದರಿಂದ ಚೂರು ತೆಗೆಯಿರಿ, ಇದ್ದ ಜಾಗದಲ್ಲಿ ಇದ್ದ ಮಗ್ಗುಲಿಗೇ ಮರಳಿ ಇಡಿ. ತಲೆಕೆಳಗಾಗಿ ಬಿಟ್ಟರೆ ಮೀನು ಮತ್ತು ಬಿಸಿಲು ಉಳಿದದ್ದನ್ನು ಮುಗಿಸುತ್ತವೆ. ಮೇಲ್ಮೈ ಅಳೆಯಲು ಅಲ್ಯೂಮಿನಿಯಂ ಫಾಯಿಲ್ ಒಂದು ಪದರ ಸುತ್ತಿ, ಹೆಚ್ಚಿನದನ್ನು ಕತ್ತರಿಸಿ ತೂಗಿ. ಅದೇ ಫಾಯಿಲ್‌ನ 10×10 ಸೆಂ.ಮೀ. ಚೂರಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಚದರ ಸೆಂ.ಮೀ. ಬರುತ್ತದೆ. ತುಂಡಿನ ಸಂಖ್ಯೆ ಸಮವಾದರೂ ಮೇಲ್ಮೈ ಸಮವಿರುವುದಿಲ್ಲ, ಕೊಂಬೆ ಹವಳದ ತುಂಡಿಗೂ ಗುಂಡು ಹವಳದ ತುಂಡಿಗೂ ಅಜಗಜಾಂತರ.

ವರ್ಷಗಟ್ಟಲೆ ಕಾಯುವುದಿದ್ದರೆ ಆರ್ಮ್ಸ್ ಎಂಬ ಪಿವಿಸಿ ಹಲಗೆಗಳ ಗೂಡು ಉಂಟು. ಸುಮಾರು 23 ಸೆಂ.ಮೀ. ಚೌಕದ ಹಲಗೆಗಳನ್ನು ಅಂತರ ಬಿಟ್ಟು ಪೇರಿಸಿ ದಿಬ್ಬಕ್ಕೆ ಬಿಗಿದು ಒಂದರಿಂದ ಮೂರು ವರ್ಷ ಬಿಡುತ್ತಾರೆ. ಎಲ್ಲ ಕಡೆ ಒಂದೇ ಮೇಲ್ಮೈ, ಒಂದೇ ಅವಧಿ, ಹೋಲಿಕೆಗೆ ಅದಕ್ಕಿಂತ ಚೊಕ್ಕದ್ದಿಲ್ಲ. ಆದರೆ ಹೊಸ ಹಲಗೆಗೆ ಬೇಗ ಹತ್ತುವ ಸ್ಪಂಜುಗಳೇ ಹೆಚ್ಚು ಬರುತ್ತವೆ. ಹಳೆಯ, ನಿಧಾನ ಬೆಳೆಯುವ ದೊಡ್ಡ ಸ್ಪಂಜು ಅದರಲ್ಲಿ ಸಿಗದು.

ಜೊತೆಗೆ ಟರ್ಪಿಯೋಸ್ ಹೊಷಿನೋಟಾ ಎಂಬ ಹವಳ ಕೊಲ್ಲುವ ಸ್ಪಂಜನ್ನು ಕಣ್ಣಿಟ್ಟು ನೋಡಿ. ಕಪ್ಪುಬೂದು ಬಣ್ಣದ, ಒಂದು ಮಿಲಿಮೀಟರ್‌ಗೂ ತೆಳು ಹೊದಿಕೆ, ಜೀವಂತ ಹವಳದ ಮೇಲೇ ತಿಂಗಳಿಗೆ ಒಂದೆರಡು ಸೆಂ.ಮೀ. ಮುಂದೊತ್ತುತ್ತದೆ. ಗುವಾಮ್‌ನಿಂದ 1973ರಲ್ಲಿ ಮೊದಲ ವರದಿ, 1993ರಲ್ಲಿ ಹೆಸರು, 2015ರ ಹೊತ್ತಿಗೆ ಪಾಕ್ ಕೊಲ್ಲಿಯಿಂದಲೂ ವರದಿಯಾಯಿತು. ಹವಳದ ಕಪ್ಪುಪಟ್ಟಿ ರೋಗ ಅಥವಾ ಸಯನೋಬ್ಯಾಕ್ಟೀರಿಯಾ ಹಾಸು ಎಂದು ತಪ್ಪು ತಿಳಿಯುವುದು ಮಾಮೂಲು. ಚೂರು ಬ್ಲೀಚ್‌ಗೆ ಹಾಕಿ: ತಲೆ ಹಾಲೆಹಾಲೆಯಾಗಿ ಉಬ್ಬಿದ ಗುಂಡುಸೂಜಿಯಂಥ ಸ್ಪಿಕ್ಯೂಲ್ ಕಂಡರೆ ಟರ್ಪಿಯೋಸ್, ಏನೂ ಕಾಣದಿದ್ದರೆ ಹಾಸು. ಇದು ಹರಡಿದ ತಾಣದಲ್ಲಿ ಸ್ಪಂಜಿನ ಹರವು ಏರುತ್ತದೆ, ಆ ತಾಣವನ್ನು ಗುರುತು ಹಾಕದೆ ಸರಾಸರಿಗೆ ಸೇರಿಸಿದರೆ ಇಡೀ ಪ್ರದೇಶದ ಚಿತ್ರ ಕೆಡುತ್ತದೆ.

ಮೀನನ್ನೂ ಎಣಿಸಿ. ಕೆರಿಬಿಯನ್‌ನ 69 ತಾಣಗಳ ಹೋಲಿಕೆ 2014ರಲ್ಲಿ ಬಂತು. ಸ್ಪಂಜು ತಿನ್ನುವ ಏಂಜಲ್ ಮೀನು, ಗಿಳಿಮೀನು ಹಿಡಿದು ಖಾಲಿಯಾದ ಕಡೆ ರಾಸಾಯನಿಕ ರಕ್ಷಣೆ ಇಲ್ಲದ, ಬೇಗ ಬೆಳೆಯುವ ಸ್ಪಂಜುಗಳು ಮೇಲುಗೈ ಪಡೆದಿದ್ದವು. ಮೀನು ಇರುವ ಕಡೆ ವಿಷವಿರುವ, ನಿಧಾನ ಬೆಳೆಯುವವು. ಮನ್ನಾರ್ ಮತ್ತು ಲಕ್ಷದ್ವೀಪದ ಮೀನುಗಾರಿಕೆ ಒಂದೇ ಬಗೆಯದಲ್ಲ. ಹಾಗಾಗಿ ನೀರಿನ ತಿಳಿಯೊಂದನ್ನೇ ಕಾರಣ ಮಾಡುವ ಮುನ್ನ ಟ್ರಾನ್ಸೆಕ್ಟ್‌ಗೆ ಏಂಜಲ್ ಮೀನಿನ ಎಣಿಕೆ ಸೇರಿಸಿ.

ತದಡಿತೀರ

ಅನುಮತಿ ವಿಷಯ ಯಾರೂ ಎತ್ತಲಿಲ್ಲ. ಮನ್ನಾರ್‌ನ 21 ದ್ವೀಪಗಳು 1986ರಿಂದ ರಾಷ್ಟ್ರೀಯ ಉದ್ಯಾನ. ಚೂರು ತೆಗೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ನೀರಿಗಿಳಿಯಬೇಡಿ. ಸುಣ್ಣದ ಸ್ಪಂಜುಗಳು 2001ರಲ್ಲೇ ವನ್ಯಜೀವಿ ಕಾಯ್ದೆಯ ಪಟ್ಟಿಗೆ ಸೇರಿವೆ, ಅರ್ಜಿಯಲ್ಲಿ ಅವನ್ನು ಹೆಸರಿಸಿಯೇ ಕೇಳಿ. ವಿದೇಶಕ್ಕೆ ಮಾದರಿ ಕಳಿಸುವುದಿದ್ದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇರೆ. ಲಕ್ಷದ್ವೀಪಕ್ಕೆ ಎಥನಾಲ್ ಒಯ್ಯುವ ಕಾಗದವನ್ನು ಮೊದಲೇ ಮಾಡಿಸಿ, ಅಲ್ಲಿ ಪಾನನಿಷೇಧ ಇದೆ, ಹಡಗಿನಲ್ಲಿ ಉರಿಯುವ ದ್ರವಕ್ಕೆ ಬೇರೆ ತಕರಾರು.

ಒಂದು ಪ್ರಶ್ನೆ ನನ್ನದೂ: ಇದೇ ವಿಧಾನವನ್ನು ಮುರುಡೇಶ್ವರದ ಎದುರಿನ ನೇತ್ರಾಣಿಗೆ ಹಾಕಬಹುದೇ?

ಲಗೂನ್‌ದಡ

ಹಾಕಬಹುದು, ಆದರೆ ಮೂರನೆಯ ಪ್ರದೇಶ ಎಂದು ಇದೇ ಕೋಷ್ಟಕಕ್ಕೆ ಸೇರಿಸಬೇಡಿ. ನೇತ್ರಾಣಿಯಲ್ಲಿ ಹವಳ ಬಂಡೆಯ ಮೇಲೆ ಹಿಡಿದಿದೆ, ಹವಳವೇ ಕಟ್ಟಿದ ದಿಬ್ಬ ಅದಲ್ಲ. ಸುಣ್ಣದ ಚೌಕಟ್ಟು ಕಡಿಮೆ ಎಂದರೆ ಕೊರೆಯುವ ಸ್ಪಂಜಿಗೆ ನೆಲೆ ಕಡಿಮೆ, ಸತ್ತ ಹವಳದ ತುಂಡುಗಳ ಅಡಿಭಾಗವೂ ಕಡಿಮೆ. ಅಲ್ಲಿ ಹೋಲಿಕೆ ಬಂಡೆಯ ಮೇಲ್ಮೈಗೂ ಬಂಡೆಗಳ ನಡುವಿನ ಸಂದಿಗೂ ಆಗಬೇಕು, 5 ಮತ್ತು 10 ಮೀಟರ್ ಎರಡು ಆಳದಲ್ಲಿ. ಒಂದೇ ದ್ವೀಪವಾದ್ದರಿಂದ ಎಣಿಕೆಮನೆಯವರು ಮಾದರಿ ಸಂಖ್ಯೆ ಒಂದು ಎನ್ನುತ್ತಾರೆ, ಅದೂ ಸರಿಯೇ. ಪಟ್ಟಿಯಾಗಿ ಪ್ರಕಟಿಸಿ, ಪರೀಕ್ಷೆಗೆ ಎಳೆಯಬೇಡಿ.

ಅಲೆಗೆರೆ

ಬದಲಾದ ಯೋಜನೆ ಹೀಗೆ: ಪ್ರದೇಶಕ್ಕೆ 4 ದ್ವೀಪ, ದ್ವೀಪಕ್ಕೆ 2 ತಾಣ, 2-4 ಮೀ. ಆಳ, ಹೊರದಿಬ್ಬ ಮಾತ್ರ. ತಾಣಕ್ಕೆ ಬಯಲಿನ 8 ಕ್ವಾಡ್ರಾಟ್, ನೆರಳಿಗೆ 10 ತುಂಡು ಫಾಯಿಲ್ ಅಳತೆಯೊಂದಿಗೆ. ಇದೆ/ಇಲ್ಲ ಮತ್ತು ಹರವು. ಪ್ರತಿ ತಾಣದಲ್ಲಿ ಕೂರುವ ಹೂಳಿಗೆ ಪಿವಿಸಿ ಕೊಳವೆ ಬಲೆ, ಬೆಳಕಿಗೆ ಲಾಗರ್ (ತಾನೇ ಅಳೆದು ದಾಖಲಿಸುವ ಉಪಕರಣ), ಏಂಜಲ್ ಮೀನಿನ ಎಣಿಕೆ. ಹಳೆಯ 275ನ್ನು ಪೀಠಿಕೆಯಲ್ಲಿ ಮಾತ್ರ ಉಲ್ಲೇಖಿಸುತ್ತೇನೆ, ಹೋಲಿಕೆಗೆ ಬಳಸುವುದಿಲ್ಲ.

ಎಣಿಕೆಮನೆ

ಕೊಳವೆ ಬಲೆಯ ಎತ್ತರ ಅದರ ಬಾಯಿಯ ಅಗಲಕ್ಕಿಂತ ಕನಿಷ್ಠ ಮೂರು ಪಟ್ಟು ಇರಲಿ, ಇಲ್ಲವಾದರೆ ಕೂತ ಹೂಳನ್ನು ಅಲೆ ಮತ್ತೆ ಎಬ್ಬಿಸಿ ಒಯ್ಯುತ್ತದೆ. ಅದು ಕೊಡುವುದು ಬಿದ್ದ ಒಟ್ಟು ಹೂಳು, ಸ್ಪಂಜಿನ ಮೇಲೆ ಉಳಿದದ್ದಲ್ಲ. ಎರಡನ್ನೂ ಬಿಡಿಸಲು ಪಕ್ಕದಲ್ಲಿ ಒರಟು ಮೇಲ್ಮೈಯ ಚಪ್ಪಟೆ ಹಂಚೊಂದನ್ನು ದಿಬ್ಬಕ್ಕೆ ಬಿಗಿದು ಅದರ ಮೇಲಿನ ಹೂಳನ್ನೂ ತೂಗಿ. ತದಡಿತೀರದವರ ತಕರಾರಿಗೆ ಉತ್ತರ ಸಿಗುವುದು ಆ ಎರಡು ತೂಕಗಳ ಅಂತರದಲ್ಲಿ.

ಸೂಜಿಮೊನೆ

ಮಾದರಿಗಳಿಗೆ ಒಂದೊಂದು ಸಂಖ್ಯೆ, ಅದೇ ಸಂಖ್ಯೆ ಫೋಟೊಗೆ, ಸ್ಲೈಡಿಗೆ, ಡಿಎನ್ಎ ಟ್ಯೂಬಿಗೆ. ಚೀಟಿ ಬಾಟಲಿಯೊಳಗೆ ಪೆನ್ಸಿಲ್‌ನಲ್ಲಿ ಬರೆದದ್ದು, ಎಥನಾಲ್‌ಗೆ ಪೆನ್ನಿನ ಶಾಯಿ ನಿಲ್ಲದು. ಕೆಲಸ ಮುಗಿದ ಮೇಲೆ ಒಂದು ಪ್ರತಿ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣೆಗೋ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗೋ ಕೊಡಿ. ಹೆಸರು ನಿಶ್ಚಯವಾಗದವನ್ನು "ಹ್ಯಾಲಿಕ್ಲೋನಾ ಪ್ರಭೇದ 1, 2" ಎಂದು ಬರೆದು ಎರಡೂ ಪ್ರದೇಶಕ್ಕೆ ಒಂದೇ ಸರಣಿ ಬಳಸಿ. ಮನ್ನಾರ್‌ನ ಪ್ರಭೇದ 1 ಮತ್ತು ಲಕ್ಷದ್ವೀಪದ ಪ್ರಭೇದ 1 ಬೇರೆ ಬೇರೆ ಆಗಿಬಿಟ್ಟರೆ ಎಣಿಕೆಮನೆಯವರ ಜಕಾರ್ಡ್ ಲೆಕ್ಕ ಅಲ್ಲಿಗೇ ಹಾಳು.